ಅಭಿಮಾನಕ್ಕೆ ಅಳತೆ ಬೇಡವೇ?

'ಅಭಿಮಾನ' ಎಂಬ ಪದಕ್ಕೆ ಸಂಸ್ಕೃತದಲ್ಲಿ ಅಹಂಕಾರ, ತನ್ನದೆಂಬ ಹೆಮ್ಮೆ ಎಂಬ ಅರ್ಥಗಳುಂಟು. ಕನ್ನಡದ ಬಳಕೆಯಲ್ಲಿ ಅದು ಮೆಚ್ಚುಗೆ, ಪ್ರೀತಿ, ಗೌರವ ಎಂಬ ಸೌಮ್ಯ ಅರ್ಥಗಳಿಗೆ ತಿರುಗಿತು. ಆದರೆ ಹಳೆಯ ಅರ್ಥವು ಪೂರ್ತಿಯಾಗಿ ಅಳಿದುಹೋಗಲಿಲ್ಲ. ಇಂತಹ ನಟನ ಅಭಿಮಾನಿ ತಾನು ಎಂದು ಎದೆ ತಟ್ಟಿ ಹೇಳುವ ತರುಣನು ನಿಜವಾಗಿಯೂ ಮೆಚ್ಚುತ್ತಿರುವುದು ಆ ನಟನ ಕಲೆಯನ್ನೋ, ಅಥವಾ ಮೊದಲ ದಿನದ ಮೊದಲ ಆಟವನ್ನು ಎಲ್ಲರಿಗಿಂತ ಮುಂಚೆ ಕಂಡ ತನ್ನನ್ನೋ? ಈ ಪ್ರಶ್ನೆಗೆ ಉತ್ತರ ದೊರೆತರೆ, ಮೆಚ್ಚಿದವರನ್ನು ಕಾಣಲು ಎಷ್ಟು ಹಣ ವೆಚ್ಚ ಮಾಡಬೇಕೆಂಬ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

ಈ ವಿಚಾರಕ್ಕೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ. ಕುಂದಾಪುರದ ಕೆರಾಡಿಯಲ್ಲಿ ಹುಟ್ಟಿದ ರಿಷಬ್ ಶೆಟ್ಟಿಯವರ 'ಕಾಂತಾರ' ಚಿತ್ರವು 2022ರ ಸೆಪ್ಟೆಂಬರ್ 30ರಂದು ತೆರೆ ಕಂಡಿತು. ಊರಿನ ಮಾತು, ಊರಿನ ದೈವ, ಊರಿನ ಕಾಡು ಬೆಳ್ಳಿತೆರೆಯ ಮೇಲೆ ಮೂಡಿದಾಗ ಕರಾವಳಿಯ ಜನ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಚಿತ್ರಮಂದಿರಕ್ಕೆ ನಡೆದರು. ಬಾಯಿಂದ ಬಾಯಿಗೆ ಹರಡಿದ ಮೆಚ್ಚುಗೆಯೇ ಅದರ ಪ್ರಚಾರವಾಯಿತು. ಮೂರು ವರ್ಷಗಳ ನಂತರ, 2025ರ ಅಕ್ಟೋಬರ್ 2ರಂದು, ಅದರ ಪೂರ್ವಕಥೆಯಾದ 'ಕಾಂತಾರ: ಅಧ್ಯಾಯ 1' ಬಿಡುಗಡೆಯಾಯಿತು. ಅಷ್ಟರಲ್ಲಿ ಮೆಚ್ಚುಗೆಯ ಜೊತೆಗೆ ಬೆಲೆಯ ಚರ್ಚೆಯೂ ಬೆಳೆದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಚಿತ್ರಮಂದಿರಗಳ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಗಳ ಮಿತಿಯನ್ನು ವಿಧಿಸಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ಮಧ್ಯಂತರ ತಡೆ ನೀಡಿತು. ಕಾನೂನು ಏನಾದರೂ ಹೇಳಲಿ. ಕೊಡುವವನ ಕೈಗೆ ಮಿತಿ ಇಲ್ಲದಿದ್ದರೆ ಕೇಳುವವನ ಬಾಯಿಗೆ ಮಿತಿ ಎಲ್ಲಿಂದ ಬರಬೇಕು?

ಈ ಸೀಮೆಯ ದುಡಿಮೆ ಎಂತಹುದೆಂಬುದನ್ನು ನೆನೆಯಬೇಕು. ಗಂಗೊಳ್ಳಿಯ ಮೀನುಗಾರನಿಗೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಯನ್ನು ಕಡಲಿಗಿಳಿಸುವಂತಿಲ್ಲ. ಉಳಿದ ಹತ್ತು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳ ಗಂಜಿ ಬೇಯಬೇಕು. ಗೇರುಬೀಜದ ಕಾರ್ಖಾನೆಯ ಹೆಣ್ಣುಮಗಳು ಬೀಜದ ಎಣ್ಣೆಯಿಂದ ಬೆರಳು ಸುಟ್ಟುಕೊಂಡು ದಿನಗೂಲಿ ತರುತ್ತಾಳೆ. ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ಎಂಜಲು ಲೋಟ ತೊಳೆದು ಮನೆಗೆ ಹಣ ಕಳುಹಿಸಿದ ಮಕ್ಕಳು ಈ ನೆಲದಲ್ಲಿ ಎಷ್ಟು ಮಂದಿಯೋ! ಅಂತಹ ಮನೆಯ ನಾಲ್ವರು ಮಣಿಪಾಲದ ಮಲ್ಟಿಪ್ಲೆಕ್ಸಿಗೆ ಹೋದರೆ, ತಲೆಗೆ 200 ರೂಪಾಯಿಯಂತೆ ಹಿಡಿದರೂ 800 ರೂಪಾಯಿ ಬಾಗಿಲಲ್ಲೇ ಹೋಯಿತು. ಹೋಗಿಬರುವ ಖರ್ಚು, ಒಳಗಿನ ತಿಂಡಿಯ ಖರ್ಚು ಬೇರೆ. ವರ್ಷಕ್ಕೊಮ್ಮೆ ಎರಡು ಬಾರಿ ಇಷ್ಟು ವೆಚ್ಚವಾದರೆ ಯಾರೂ ಹುಬ್ಬು ಗಂಟಿಕ್ಕಬೇಕಾಗಿಲ್ಲ. ದುಡಿದ ಜೀವಕ್ಕೆ ನಗುವೂ ಅಳುವೂ ಬೇಕು. ಆಕ್ಷೇಪ ಇರುವುದು ಇದರ ಆಚೆಗೆ: ಮೊದಲ ದಿನವೆಂಬ ಕಾರಣಕ್ಕೆ ಇಮ್ಮಡಿ ಮುಮ್ಮಡಿ ಕೊಡುವುದು, ಒಂದೇ ಚಿತ್ರವನ್ನು ಹಟಕ್ಕೆ ಬಿದ್ದು ಹತ್ತು ಸಲ ನೋಡುವುದು, ಕಟೌಟಿಗೆ ಹಾಲೆರೆಯುವುದು, ನಟನ ಹುಟ್ಟುಹಬ್ಬಕ್ಕೆಂದು ಸಾಲ ಮಾಡಿ ಬೆಂಗಳೂರಿನ ಬಸ್ಸು ಹತ್ತುವುದು.

ಕಲೆಯನ್ನು ಮೆಚ್ಚುವುದು ಈ ಸೀಮೆಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಮೇಳಗಳು ಇಂದಿಗೂ ಹರಕೆಯ ಆಟಗಳನ್ನು ಆಡುತ್ತಿವೆ. ಮಂದಾರ್ತಿಯ ಹರಕೆಯಾಟಕ್ಕೆ ಸರದಿ ಬರಲು ವರ್ಷಾನುಗಟ್ಟಲೆ ಕಾಯಬೇಕು. ಅಲ್ಲಿಯ ವ್ಯವಸ್ಥೆಯನ್ನು ಗಮನಿಸಬೇಕು. ಹರಕೆ ಹೊತ್ತ ಮನೆಯವನು ವೀಳ್ಯ ಕೊಡುತ್ತಾನೆ, ಬಂದವರಿಗೆ ಊಟ ಹಾಕುತ್ತಾನೆ. ಆಟವನ್ನು ನೋಡುವುದು ಮಾತ್ರ ಇಡೀ ಊರು. ಚಾಪೆ ಹಿಡಿದು ಬಂದ ಕೂಲಿಯವನಿಗೂ, ಕಾರಿನಲ್ಲಿ ಬಂದ ಧಣಿಗೂ ಭಾಗವತರ ಪದ ಒಂದೇ. ಹಣ ಕೊಟ್ಟವನು ಬೇರೆಯವರ ಕಣ್ಣಿಗೆ ಅಡ್ಡವಾಗಿ ನಿಲ್ಲುವುದಿಲ್ಲ. ಎಲ್ಲರೂ ಕಾಣಲೆಂದು ಒಬ್ಬನು ಮಾಡುವ ವೆಚ್ಚಕ್ಕೂ, ತಾನೊಬ್ಬನೇ ಹತ್ತಿರದಿಂದ ಕಾಣಬೇಕೆಂದು ಮಾಡುವ ವೆಚ್ಚಕ್ಕೂ ಇರುವ ಅಂತರವೇ ದಾಸೋಹಕ್ಕೂ ಡಂಭಕ್ಕೂ ಇರುವ ಅಂತರ.

ಡೇರೆ ಮೇಳಗಳು ಬಂದ ಮೇಲೆ ಟಿಕೆಟ್ ಬಂತು, ನಿಜ. ಸಾಲಿಗ್ರಾಮ, ಪೆರ್ಡೂರು ಮೇಳಗಳ ಡೇರೆಯಲ್ಲಿ ನೆಲಕ್ಕೊಂದು ದರ, ಕುರ್ಚಿಗೊಂದು ದರ ಆಯಿತು. 1990ರಲ್ಲಿ, ಇನ್ನೂ ತಾರುಣ್ಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿಯ ಕಾಳಿಂಗ ನಾವಡರ ಕಂಠಕ್ಕೆ ಮರುಳಾಗಿ ಡೇರೆ ತುಂಬುತ್ತಿದ್ದ ಜನರೂ ಅಭಿಮಾನಿಗಳೇ. ಅವರ ಪದಗಳನ್ನು ಧ್ವನಿಸುರುಳಿಯಲ್ಲಿ ಜೋಪಾನ ಮಾಡಿ ಮಕ್ಕಳಿಗೆ ಕೇಳಿಸಿದ ಮನೆಗಳು ಇಲ್ಲಿ ಅನೇಕ. ಆದರೆ ಆ ಟಿಕೆಟ್ಟಿಗೆ ಒಂದು ಇಡೀ ರಾತ್ರಿಯ ದುಡಿಮೆ ಸಿಗುತ್ತಿತ್ತು: ಭಾಗವತ, ಮದ್ದಳೆ, ಚೆಂಡೆ, ಹಾಸ್ಯ, ಸ್ತ್ರೀವೇಷ, ಬಣ್ಣದ ವೇಷ ಎಲ್ಲವೂ ಬೆಳಗಿನವರೆಗೆ. ಹಣ ಸಂದದ್ದು ಕಾಯಕಕ್ಕೆ, ಮುಖಕ್ಕಲ್ಲ. ವೇಷಧಾರಿ ತನ್ನ ಮುಖವನ್ನು ಬಣ್ಣದಡಿ ಮರೆಮಾಡಿಯೇ ರಂಗಕ್ಕೆ ಬರುವವನು. ಚೌಕಿಯಲ್ಲಿ ಬಣ್ಣ ಹಚ್ಚುವಾಗ ಊರಿನ ಹುಡುಗರು ಇಣುಕಿ ನೋಡಿದರೆ ಅದಕ್ಕೆ ಯಾರೂ ಶುಲ್ಕ ಕೇಳಲಿಲ್ಲ. ಇಂದಿನ ಮಾರುಕಟ್ಟೆಯು ಅದನ್ನು ತಿರುವುಮುರುವು ಮಾಡಿದೆ: ಕಲೆ ಅಗ್ಗ, ಮುಖ ದುಬಾರಿ. ಒಂದು ಕೈಕುಲುಕಿಗೆ, ಒಂದು ಚಿತ್ರಕ್ಕೆ ದರಪಟ್ಟಿ ಸಿದ್ಧವಾಗಿದೆ.

ಮುಖಕ್ಕೆ ಕೊಟ್ಟ ಹಣ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಸಾಕ್ಷಿ ಸಾಕು. 2025ರ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಫುಟ್‌ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿ ಬಂದರು. ಜನ ಸಾವಿರಾರು ರೂಪಾಯಿ ತೆತ್ತು ಕುಳಿತಿದ್ದರು. ಆತ ಚೆಂಡು ಆಡಲು ಬಂದವರಲ್ಲ, ಕಾಣಿಸಿಕೊಳ್ಳಲು ಬಂದವರು. ಸುತ್ತ ಮುತ್ತಿದ ಗಣ್ಯರ ಬೆನ್ನುಗಳ ನಡುವೆ ಗ್ಯಾಲರಿಯವರಿಗೆ ಆ ಕಾಣಿಕೆಯೂ ದಕ್ಕಲಿಲ್ಲ. ಅವರು ಹೊರಟುಹೋದ ಮೇಲೆ ಜನ ಕುರ್ಚಿ ಮುರಿದರು. ತಾವೇ ಹಣ ಕೊಟ್ಟು ಕೊಂಡ ಆಸೆಯನ್ನು ತಾವೇ ಮುರಿದು ಹಾಕಿದಂತಾಯಿತು.

ಹಣಕ್ಕಿಂತ ಹೆಚ್ಚಿನದನ್ನು ತೆತ್ತವರೂ ಇದ್ದಾರೆ. 2024ರ ಜನವರಿಯಲ್ಲಿ, ನಟ ಯಶ್ ಅವರ ಹುಟ್ಟುಹಬ್ಬದ ಹಿಂದಿನ ರಾತ್ರಿ, ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ ತಗುಲಿ ಅಸುನೀಗಿದರು. ಯಶ್ ಆ ಊರಿಗೆ ಬಂದು ಕುಟುಂಬದವರನ್ನು ಕಂಡರು. ಇಂತಹ ಅಭಿಮಾನ ಬೇಡವೆಂದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, ಆರ್‌ಸಿಬಿ ತಂಡದ ವಿಜಯೋತ್ಸವವನ್ನು ಕಾಣಲು ನೆರೆದ ಜನಸಂದಣಿಯ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಅಲ್ಲಿ ವ್ಯವಸ್ಥೆಯ ತಪ್ಪು ದೊಡ್ಡದು. ಅದನ್ನು ಅಭಿಮಾನಿಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಆ ಹನ್ನೊಂದು ಮನೆಗಳ ಮುಂದೆ ನಿಂತು ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು: ಕಾಣುವುದರಲ್ಲಿ ಅಷ್ಟು ಬೆಲೆಯುಳ್ಳದ್ದು ಏನಿತ್ತು?

ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಹೋದವರು ಈ ಪ್ರಶ್ನೆಯನ್ನು ಕಣ್ಣಾರೆ ಕಾಣಬಹುದು. ಗಾಯಕ ಯೇಸುದಾಸ್ ದಶಕಗಳ ಕಾಲ ಜನವರಿ 10ರ ತಮ್ಮ ಜನ್ಮದಿನದಂದು ಅಲ್ಲಿಗೆ ಬಂದು ದೇವಿಯ ಮುಂದೆ ಹಾಡಿದರು. ಟಿಕೆಟ್ ಇಲ್ಲ, ಮೊದಲ ಸಾಲಿಗೆ ದರವಿಲ್ಲ. ಜನ ಯಾರನ್ನು ಕಾಣಲು ಮುಗಿಬೀಳುತ್ತಾರೋ ಅವರೇ ಅಲ್ಲಿ ಕೈಮುಗಿದು ನಿಂತಿರುತ್ತಾರೆ. ಆದರೂ ತಾರೆಯೊಬ್ಬರು ಬಂದರೆಂದು ತಿಳಿದ ಕ್ಷಣವೇ ಗರ್ಭಗುಡಿಗೆ ಬೆನ್ನು ತಿರುಗಿಸಿ ಮೊಬೈಲ್ ಎತ್ತುವ ಭಕ್ತರಿಗೇನು ಕಡಿಮೆ! ಕೈಮುಗಿದವನು ಮುಂದೆ ನೋಡುತ್ತಿದ್ದಾನೆ, ಅವನ ಅಭಿಮಾನಿ ಹಿಂದೆ ನೋಡುತ್ತಿದ್ದಾನೆ. ಮೆಚ್ಚಿದವನಿಂದ ಕಲಿಯಬೇಕಾದ ಒಂದೇ ಒಂದು ಗುಣವನ್ನು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದಂತೆ.

ಇದಕ್ಕೆ ಬರುವ ಉತ್ತರಗಳು ಗೊತ್ತಿರುವಂಥವೇ. 'ನನ್ನ ದುಡಿಮೆ, ನನ್ನ ಹಣ' ಎನ್ನುವುದು ಮೊದಲನೆಯದು. ದುಡಿಮೆ ಅವನದೇ ಇರಬಹುದು. ಆದರೆ ಅವನು ದುಡಿಯಲು ಹೋದಾಗ ಮನೆಯಲ್ಲಿ ಒಲೆ ಹಚ್ಚಿದ ತಾಯಿಯ ಪಾಲು, ಕಾದು ಕುಳಿತ ಹೆಂಡತಿಯ ಪಾಲು, ಶಾಲೆಯ ಶುಲ್ಕ ಕಟ್ಟಬೇಕಾದ ಮಗುವಿನ ಪಾಲು ಅದರಲ್ಲಿ ಮೊದಲೇ ಸೇರಿದೆ. 'ನಮ್ಮ ಊರಿನ ಕಲಾವಿದನನ್ನು ನಾವೇ ಬೆಳೆಸದಿದ್ದರೆ ಹೇಗೆ?' ಎನ್ನುವುದು ಎರಡನೆಯದು. ಕಲಾವಿದನನ್ನು ಬೆಳೆಸುವುದು ಸರಿಯಾದ ಬೆಲೆಯ ಒಂದು ಟಿಕೆಟ್, ನೋಡಿದ ಮೇಲೆ ಆಡುವ ಪ್ರಾಮಾಣಿಕವಾದ ಒಂದು ಮಾತು. ಕಾಳಸಂತೆಯಲ್ಲಿ ಕೊಟ್ಟ ಹೆಚ್ಚಿನ ಹಣ ಕಲಾವಿದನನ್ನು ತಲುಪುವುದಿಲ್ಲ. ಫ್ಲೆಕ್ಸಿಗೆ ಕೊಟ್ಟದ್ದು ಮುದ್ರಕನನ್ನು ತಲುಪುತ್ತದೆ. ಎರೆದ ಹಾಲು ಚರಂಡಿಯನ್ನು ತಲುಪುತ್ತದೆ. 'ಬಡವನಿಗೆ ಇರುವುದು ಇದೊಂದೇ ಸಂತೋಷ' ಎನ್ನುವುದು ಮೂರನೆಯದು, ಎಲ್ಲಕ್ಕಿಂತ ತೂಕವುಳ್ಳದ್ದು. ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಬಡವನ ಸಂತೋಷವನ್ನೇ ನೋಡಿ ದರ ಏರಿಸುವ ವ್ಯಾಪಾರಕ್ಕೆ ತಲೆಬಾಗುವುದು ಸಂತೋಷವಲ್ಲ, ಸೋಲು. ಎರಡನೆಯ ವಾರ ನೋಡಿದರೆ ಕಥೆಯೇನೂ ಬದಲಾಗಿರುವುದಿಲ್ಲ.

ಮಠದ ಭಕ್ತರು ಇಷ್ಟನ್ನು ಓದಿ, ಇದು ಸಿನಿಮಾದವರಿಗೆ ಹೇಳಿದ ಮಾತು ಎಂದು ನೆಮ್ಮದಿಯಿಂದ ಇರಲಾಗದು. ಪೂಜ್ಯರು ಊರಿಗೆ ಬರುತ್ತಾರೆಂದರೆ ರಸ್ತೆಯುದ್ದಕ್ಕೂ ಎದ್ದು ನಿಲ್ಲುವ ಫ್ಲೆಕ್ಸುಗಳಲ್ಲಿ ಗುರುವಿನ ಚಿತ್ರದ ಸುತ್ತ ದಾನಿಗಳ ಮುಖಗಳೆಷ್ಟು? ಬೆಳ್ಳಿಯ ತುಲಾಭಾರ, ಕ್ರೇನಿನಿಂದ ಇಳಿಬಿಟ್ಟ ಸೇಬಿನ ಹಾರ, ಪಾದಪೂಜೆಗೆ ಮೊದಲ ಸರದಿಯ ಪೈಪೋಟಿ: ಇವೆಲ್ಲ ಯಾವ ಅಭಿಮಾನದ ಲೆಕ್ಕಕ್ಕೆ ಸೇರುತ್ತವೆ? ಒಂದೇ ತಕ್ಕಡಿಯಲ್ಲಿ ತೂಗದ ಮಾತಿಗೆ ಬೆಲೆಯಿಲ್ಲ. ಗುರುವಿನ ದರ್ಶನಕ್ಕೆ ಸಾಲ ಮಾಡುವುದೂ ಹರಕೆಯಾಟಕ್ಕೆ ಹೊಲ ಅಡವಿಡುವುದೂ ನಟನ ದರ್ಶನಕ್ಕೆ ಸಾಲ ಮಾಡಿದಷ್ಟೇ ತಪ್ಪು.

ಹಾಗಾದರೆ ಅಳತೆ ಯಾವುದು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಎಂಬ ಹೆಣ್ಣುಮಗಳು ಅದನ್ನು ತೋರಿಸಿಕೊಟ್ಟಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವಿ ಹಿಗ್ಗಲಿಲ್ಲ, ಈ ಹೆಚ್ಚಳ ಆಸೆಯದ್ದು, ಅಂದಂದಿಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಆ ದಂಪತಿಯ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ. ಗಳಿಕೆಯಲ್ಲಿಯೇ ಹೆಚ್ಚಳವನ್ನು ಒಲ್ಲದವಳು ವೆಚ್ಚದಲ್ಲಿ ಒಪ್ಪುವಳೇ?

ಅವಳ ಅಳತೆಯನ್ನು ಇಂದಿಗೆ ತಂದರೆ ಹೀಗಾಗುತ್ತದೆ. ಮೆಚ್ಚಿದವರ ಕಲೆಯನ್ನು ಕಾಣಲು ಒಂದು ಸಲಕ್ಕೆ ಮನೆಯ ಒಂದು ದಿನದ ದುಡಿಮೆಗಿಂತ ಹೆಚ್ಚು ವೆಚ್ಚ ಮಾಡಬಾರದು. ಸಾಲದ ಒಂದು ರೂಪಾಯಿಯೂ ಅದರಲ್ಲಿ ಸೇರಬಾರದು. ಒಬ್ಬನೇ ಹೋಗುವ ಬದಲು ಮನೆಯವರೆಲ್ಲರೂ ಹೋಗಬೇಕು. ಎಲ್ಲರಿಗೂ ಸಾಲದಷ್ಟು ದುಬಾರಿಯಾದರೆ, ದರ ಇಳಿಯುವವರೆಗೆ ಕಾಯಬೇಕು. ಕಾಯಕಕ್ಕೆ ಕೊಡಬೇಕು, ಮುಖಕ್ಕೆ ಕೊಡಬಾರದು: ಕೈಕುಲುಕಿಗೆ, ಕಟೌಟಿಗೆ, ಹಾಲಿಗೆ ಒಂದು ಬಿಡಿಗಾಸೂ ಸಲ್ಲದು.

ಇಷ್ಟು ಸಾಲದು, ಮನಸ್ಸು ಇನ್ನೂ ಕೊಡಬೇಕೆನ್ನುತ್ತದೆ ಎನ್ನುವವರಿಗೆ ದಾರಿ ಇಲ್ಲದಿಲ್ಲ. ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನೇ ದೇವರೆಂದು ಕರೆದರು. 2006ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗಲೂ ಹಾಗೆಯೇ ಆಯಿತು. ಅದನ್ನು ಕಂಡು ನಾಡಿನಾದ್ಯಂತ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಅದಕ್ಕೆ ಟಿಕೆಟ್ಟಿನ ಹಣ ಬೇಕಾಗಲಿಲ್ಲ, ಮೊದಲ ಸಾಲು ಬೇಕಾಗಲಿಲ್ಲ. ಮೆಚ್ಚಿದವನನ್ನು ಕಾಣಲು ಕಣ್ಣನ್ನು ಸವೆಸಿದವರಿಗಿಂತ, ಮೆಚ್ಚಿದವನಂತೆ ಕಣ್ಣನ್ನು ಕೊಟ್ಟವರೇ ದೊಡ್ಡ ಅಭಿಮಾನಿಗಳು.