ಪಟ ತರಲು ಓಡಿದವನ ಕತೆ

ಆಷಾಢದ ಗಾಳಿ ಎದ್ದರೆ ಹೆಗ್ಗಡದೇವನಕೋಟೆ ಸೀಮೆಯ ಮಕ್ಕಳಿಗೆ ಗಾಳಿಪಟದ ಕಾಲ. ಹಳೆಯ ಪೇಪರು, ತೆಂಗಿನ ಗರಿಯ ಕಡ್ಡಿ, ಅಂಟಿಗೆ ನಾಲ್ಕು ಅಗುಳು ಅನ್ನ, ಬಾಲಂಗೋಚಿಗೆ ಹಳೆ ಸೀರೆಯ ಅಂಚು. ಮೈಸೂರಿನಿಂದ ಕೋಟೆಗೆ ಹೋಗುವ ರಸ್ತೆಯಲ್ಲಿರುವ ಹಂಪಾಪುರದಂಥ ಊರುಗಳಲ್ಲಿ ಐವತ್ತು ವರ್ಷದ ಹಿಂದೆ ಈ ಆಟಕ್ಕೆ ಇಬ್ಬರು ಬೇಕಿತ್ತು. ದಾರ ಸಾಮಾನ್ಯವಾಗಿ ಹೊಲಮನೆ ಇದ್ದವರ ಮಗನ ಕೈಯಲ್ಲಿ. ದಾರ ಕಿತ್ತು ಹಾರಿಹೋದ ಪಟವನ್ನು ಬೇಲಿ ನುಸಿದು, ಮುಳ್ಳು ತುಳಿದು ತರುವವನು ಅದೇ ಮನೆಯಲ್ಲಿ ದನ ಕಾಯಲು ಜೀತಕ್ಕಿದ್ದ ಹುಡುಗ. ಇಬ್ಬರೂ ಒಂದೇ ಓರಗೆ, ಒಂದೇ ಕೆರೆಯಲ್ಲಿ ಈಜು ಕಲಿತವರು. ಹೊತ್ತು ಮುಳುಗಿದ ಮೇಲೆ ಮಾತ್ರ ಒಬ್ಬ ಹೊಸಲು ದಾಟಿ ಒಳಗೆ ಹೋಗುತ್ತಿದ್ದ, ಇನ್ನೊಬ್ಬ ಕೊಟ್ಟಿಗೆಯ ಪಕ್ಕ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ.

ಖಾಲಿದ್ ಹೊಸೇನಿ 2003ರಲ್ಲಿ ಪ್ರಕಟಿಸಿದ ‘ದ ಕೈಟ್ ರನ್ನರ್’ ಕಾದಂಬರಿ ಈ ಭಾಗದ ಓದುಗನಿಗೆ ಪರದೇಶದ ಕತೆ ಅನಿಸದಿರುವುದಕ್ಕೆ ಕಾರಣ ಇದೇ. ಕಾಬೂಲಿನ ಸಿರಿವಂತನ ಮಗ ಅಮೀರ್, ಆ ಮನೆಯ ಆಳು ಅಲಿಯ ಮಗ ಹಸನ್. ಅಮೀರ್ ಪಶ್ತೂನ್, ಹಸನ್ ಅಲ್ಲಿನವರು ಕೀಳಾಗಿ ಕಾಣುವ ಹಜಾರಾ. ಅಮೀರ್ ಪಟ ಹಾರಿಸುತ್ತಾನೆ, ಕಡಿದು ಬಿದ್ದ ಪಟಕ್ಕಾಗಿ ಹಸನ್ ಓಡುತ್ತಾನೆ. 1975ರ ಚಳಿಗಾಲದ ಪಂದ್ಯದಲ್ಲಿ ಗೆದ್ದ ದಿನ ಗೆಳೆಯನಿಗಾಗಿ ಪಟ ತರಲು ಹೋದ ಹಸನ್ ಓಣಿಯೊಂದರಲ್ಲಿ ಪುಂಡರ ಕೈಗೆ ಸಿಕ್ಕು ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗುತ್ತಾನೆ. ಹನ್ನೆರಡರ ಅಮೀರ್ ಮರೆಯಲ್ಲಿ ನಿಂತು ನೋಡಿ, ಸದ್ದಿಲ್ಲದೆ ಹಿಂದಿರುಗುತ್ತಾನೆ. ಈ ಪುಸ್ತಕವನ್ನು ಮೆಚ್ಚುವವರೆಲ್ಲ ಹೇಳುವುದು ಈ ಓಣಿಯ ಬಗ್ಗೆ.

ಆದರೆ ಕಾದಂಬರಿಯ ನಿಜವಾದ ದ್ರೋಹ ಆಮೇಲೆ ನಡೆಯುತ್ತದೆ. ಓಣಿಯಲ್ಲಿ ಅಮೀರನ ಕಾಲು ಕಟ್ಟಿದ್ದು ಭಯ. ಹನ್ನೆರಡರ ಹುಡುಗನ ಭಯವನ್ನು ಯಾವ ಪಂಚಾಯಿತಿಯೂ ದೊಡ್ಡ ಅಪರಾಧ ಎನ್ನಲಾರದು. ಆಮೇಲಿನ ದಿನಗಳಲ್ಲಿ ಅವನಿಗೆ ಹಸನನ ಮುಖ ನೋಡಲು ಆಗುವುದಿಲ್ಲ. ದಾಳಿಂಬೆ ಹಣ್ಣು ಬೀರಿ ಅವನನ್ನು ಕೆಣಕುತ್ತಾನೆ, ತಿರುಗಿ ಹೊಡೆ ಎನ್ನುತ್ತಾನೆ. ಹಸನ್ ಒಂದು ಹಣ್ಣನ್ನು ತನ್ನ ಹಣೆಗೇ ಒಡೆದುಕೊಂಡು ಹೊರಟುಹೋಗುತ್ತಾನೆ. ಕೊನೆಗೆ ಅಮೀರ್ ತನ್ನ ಕೈಗಡಿಯಾರವನ್ನೂ ಒಂದಿಷ್ಟು ಹಣವನ್ನೂ ಹಸನನ ಹಾಸಿಗೆಯಡಿ ಇಟ್ಟು ಕಳ್ಳತನದ ಆರೋಪ ಹೊರಿಸುತ್ತಾನೆ. ತಾನು ಕದ್ದೆ ಎಂದು ಹಸನ್ ಒಪ್ಪಿಕೊಂಡು, ಅಪ್ಪನ ಜೊತೆ ಮನೆ ಬಿಡುತ್ತಾನೆ. ಇದರಲ್ಲಿ ಭಯವಿಲ್ಲ, ಲೆಕ್ಕಾಚಾರವಿದೆ. ತಪ್ಪು ಮಾಡಿದವನಿಗೆ ಆ ತಪ್ಪು ಉಂಡವನು ಎದುರಿಗಿರುವುದೇ ಸಹಿಸದ ಸ್ಥಿತಿ ಇದು.

‘ಆಳುಮಗ ಕದ್ದ’ ಎಂಬ ಮಾತನ್ನು ಹಂಪಾಪುರದ ಸುತ್ತಿನ ಜನಕ್ಕೆ ಯಾರೂ ಅರ್ಥ ಮಾಡಿಸಬೇಕಾಗಿಲ್ಲ.

ಕಾದಂಬರಿ ಹೇಳುವ 1975 ಇಲ್ಲಿಯೂ ಸಣ್ಣ ವರ್ಷವಲ್ಲ. ಆ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕೇಂದ್ರದ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆಯಾಯಿತು. ಆಗ ರಾಜ್ಯದ ಮುಖ್ಯಮಂತ್ರಿ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು. ಸುಗ್ರೀವಾಜ್ಞೆಗೂ ಒಂದು ವರ್ಷ ಮುಂಚೆ, 1974ರಲ್ಲಿ, ಭೂಸುಧಾರಣಾ ಕಾನೂನಿಗೆ ತಿದ್ದುಪಡಿಯಾಗಿ ‘ಉಳುವವನೇ ಹೊಲದೊಡೆಯ’ ಎಂಬುದು ಗೇಣಿದಾರರ ಬಾಯಲ್ಲಿ ಹರಿದಾಡುತ್ತಿತ್ತು. ಜೀತದ ಕಾನೂನು ಬಂದಂದಿನಿಂದ ಸಾಲಕ್ಕೆ ಮಗನನ್ನು ಜೀತ ಮಡಗುವಂತಿಲ್ಲ, ಹಳೆಯ ಸಾಲ ವಸೂಲಿ ಮಾಡುವಂತಿಲ್ಲ. ಕಾಗದದ ಮೇಲೆ ಇಬ್ಬರು ಹುಡುಗರೂ ಸಮವಾದರು. ಅದಕ್ಕೆ ಮುಂಚೆ ಜೊತೆಯಲ್ಲಿ ಆಡಿದ್ದಕ್ಕೆ, ಒಬ್ಬ ಇಸ್ಕೂಲಿಗೆ ಹೋಗುವಾಗ ಇನ್ನೊಬ್ಬ ದನ ಹೊಡೆದುಕೊಂಡು ಹೋದದ್ದಕ್ಕೆ, ಯಾವ ಕಾನೂನಿನಲ್ಲಿ ಏನು ಪರಿಹಾರ ಬರೆಯಲು ಬರುತ್ತದೆ? ಆ ಲೆಕ್ಕ ಸಾಹಿತ್ಯದ ಪಾಲಿಗೆ ಉಳಿಯಿತು.

ಮಹಾಭಾರತ ಈ ಲೆಕ್ಕವನ್ನು ಬಲು ಹಿಂದೆಯೇ ಎತ್ತಿದೆ. ದ್ರೋಣ, ದ್ರುಪದ ಆಶ್ರಮದಲ್ಲಿ ಜೊತೆಗೆ ಬೆಳೆದವರು. ರಾಜ್ಯದಲ್ಲಿ ಪಾಲು ಕೊಡುತ್ತೇನೆಂದು ಮಾತು ಕೊಟ್ಟಿದ್ದ ದ್ರುಪದ ಪಟ್ಟವೇರಿದ ಮೇಲೆ, ಗೆಳೆತನವೇನಿದ್ದರೂ ಸರಿಸಮಾನರ ನಡುವೆ ಎಂದು ಬಡವನಾಗಿ ಬಂದ ದ್ರೋಣನನ್ನು ಕಳಿಸಿಬಿಡುತ್ತಾನೆ. ಗೆಳೆಯನಿಂದ ಹಾಗೆ ಅವಮಾನ ಉಂಡ ಅದೇ ದ್ರೋಣ ಏಕಲವ್ಯನ ಹೆಬ್ಬೆರಳು ಕೇಳುತ್ತಾನೆ. ಕುವೆಂಪು ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಈ ಪ್ರಸಂಗವನ್ನೇ ಹಿಡಿದು ದ್ರೋಣನಿಗೆ ಪಶ್ಚಾತ್ತಾಪ ಕೊಟ್ಟರು, ಆದರೆ ಅಷ್ಟಕ್ಕೆ ಬಿಡಲಿಲ್ಲ. ಬೆರಳು ಪಡೆದವನು ಕೊರಳು ತೆರಬೇಕು ಎಂಬ ತೀರ್ಪನ್ನು ನಾಟಕದ ಹೆಸರಿನಲ್ಲೇ ಇಟ್ಟರು. ಮನಸ್ಸು ನೊಂದುಕೊಂಡರೆ ಸಾಲ ತೀರಿತು ಎನ್ನುವ ಉದಾರತೆ ಕುವೆಂಪು ಅವರಿಗೆ ಇರಲಿಲ್ಲ.

ಕನ್ನಡದಲ್ಲಿ ದಡದ ಮೇಲೆ ನಿಂತು ನೋಡಿದವರ ಕತೆಗಳಿಗೂ ಬರವಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಿ ಎತ್ತಲು ಮೈಲಿಗೆಯ ಭಯ ಜನರನ್ನು ಬಿಡುವುದಿಲ್ಲ. ಕಾಬೂಲಿನ ಓಣಿಯಲ್ಲಿ ಸುಮ್ಮನಿದ್ದವನು ಒಬ್ಬ ಹುಡುಗ. ಇಲ್ಲಿ ಸುಮ್ಮನಿದ್ದದ್ದು ದೊಡ್ಡವರ ಇಡೀ ಗುಂಪು, ಆ ಸುಮ್ಮನಿರುವಿಕೆಗೆ ಧರ್ಮದ ಹೆಸರೂ ಇತ್ತು. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಪುಟ್ಟ ಹುಡುಗನಿಗೆ ವಿಧವೆ ಯಮುನಕ್ಕ ಅಕ್ಕನೂ ಹೌದು, ಗೆಳತಿಯೂ ಹೌದು. ಬಸುರಿಯಾದ ಅವಳನ್ನು ಹೆತ್ತಪ್ಪನೇ ಸತ್ತವಳೆಂದು ಘೋಷಿಸುವಾಗ ಹುಡುಗ ಮಾಡಬಹುದಾದದ್ದು ಏನೂ ಇರುವುದಿಲ್ಲ. ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಅದರ ಸಿನಿಮಾಕ್ಕೆ ಸ್ವರ್ಣಕಮಲ ಬಂತು, 2024ರಲ್ಲಿ ಹೊಸದಾಗಿ ಶುಚಿಗೊಂಡ ಅದರ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಮೀರನನ್ನು ಓದಿದ ಕಣ್ಣಿನಲ್ಲಿ ಆ ಹುಡುಗನನ್ನು ನೋಡಿದರೆ, ಮಗುವಿನ ಅಸಹಾಯಕತೆ ಎಲ್ಲಿ ಮುಗಿಯುತ್ತದೆ, ದೊಡ್ಡವನ ದ್ರೋಹ ಎಲ್ಲಿ ಶುರುವಾಗುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಇನ್ನು ಪ್ರಾಯಶ್ಚಿತ್ತದ ಮಾತು. ತಕರಾರು ಇರುವುದು ಇಲ್ಲಿ.

ಹೊಸೇನಿಯ ಕಾದಂಬರಿಯಲ್ಲಿ ಅಮೀರ್ ಅಮೆರಿಕ ಸೇರಿ ಲೇಖಕನಾಗುತ್ತಾನೆ. 2001ರಲ್ಲಿ ಅಪ್ಪನ ಹಳೆಯ ಗೆಳೆಯ ರಹೀಂ ಖಾನ್ ಪಾಕಿಸ್ತಾನಕ್ಕೆ ಕರೆಸಿಕೊಂಡು, ಹಸನನ ಬಗ್ಗೆ ಮುಚ್ಚಿಟ್ಟಿದ್ದ ಸತ್ಯ ಹೇಳುತ್ತಾನೆ: ಅವನು ಅಮೀರನ ಅಪ್ಪನಿಗೇ ಹುಟ್ಟಿದವನು. ಅಷ್ಟು ಹೊತ್ತಿಗೆ ತಾಲಿಬಾನಿಗಳು ಹಸನನನ್ನು ಕೊಂದಾಗಿದೆ. ಅವನ ಮಗ ಸೊಹ್ರಾಬನನ್ನು ಬಿಡಿಸಲು ಅಮೀರ್ ಕಾಬೂಲಿಗೆ ಹೋಗಿ, ಹಳೆಯ ಪುಂಡನ ಕೈಯಲ್ಲೇ ಮೂಳೆ ಮುರಿಯುವಂತೆ ಹೊಡೆತ ತಿನ್ನುತ್ತಾನೆ. ಹೊಡೆತದ ನಡುವೆ ಅವನಿಗೆ ನಗು ಬರುತ್ತದೆ, ಎಷ್ಟೋ ವರ್ಷದ ಹೊರೆ ಇಳಿದ ನಗು. ಕವಣೆಯಿಂದ ಪುಂಡನ ಕಣ್ಣಿಗೆ ಹೊಡೆದು ಅವನನ್ನು ಉಳಿಸುವವನು ಆ ಪುಟ್ಟ ಹುಡುಗ. ತಂದೆ ಪಟ ತಂದುಕೊಟ್ಟ, ಮಗ ಪ್ರಾಣ ಉಳಿಸಿಕೊಟ್ಟ. ಹಗುರವಾದದ್ದು ಅಮೀರನ ಎದೆ.

ಹೊಸೇನಿಗೆ ಇದು ತಿಳಿಯದೆ ಇಲ್ಲ. ಅಮೀರ್ ಕೊಟ್ಟ ಮಾತು ಮುರಿಯುತ್ತದೆಂಬ ಭಯಕ್ಕೆ ಸೊಹ್ರಾಬ್ ಜೀವ ಕಳೆದುಕೊಳ್ಳಲು ನೋಡುತ್ತಾನೆ, ಬದುಕುಳಿದ ಮೇಲೆ ತಿಂಗಳುಗಟ್ಟಲೆ ಮಾತು ಬಿಡುತ್ತಾನೆ. ಕಾದಂಬರಿಯ ಕೊನೆಗೆ ಸಿಗುವುದು ತುಟಿಯ ಅಂಚಿನ ಒಂದು ಸಣ್ಣ ನಗು ಮಾತ್ರ. ಲೇಖಕನಾಗಿ ಹೊಸೇನಿ ಪ್ರಾಮಾಣಿಕ. ಆದರೂ ಕತೆಯ ಬಹುಪಾಲು ‘ನಾನು’ ಎನ್ನುವವನು ಅಮೀರ್. ಹಸನನಿಗೆ ಸಿಟ್ಟು ಬಂದಿತ್ತೇ, ಮನೆ ಬಿಟ್ಟ ರಾತ್ರಿ ಅವನು ಅಪ್ಪನ ಹತ್ತಿರ ಏನು ಹೇಳಿದ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಅವನು ಒಳ್ಳೆಯವನು, ಅತಿ ಒಳ್ಳೆಯವನು. ಅಷ್ಟು ಒಳ್ಳೆಯತನ ದ್ರೋಹ ಮಾಡಿದವನ ನೆನಪಿನಲ್ಲಷ್ಟೇ ಇರಲು ಸಾಧ್ಯ.

1973ರ ‘ಭಾರತೀಪುರ’ದಲ್ಲಿ ಅನಂತಮೂರ್ತಿ ಈ ಬಿಕ್ಕಟ್ಟನ್ನು ಇನ್ನಷ್ಟು ನಿರ್ದಯವಾಗಿ ಬಿಡಿಸಿದ್ದರು. ಇಂಗ್ಲೆಂಡಿನಿಂದ ಬಂದ ಜಮೀನ್ದಾರ ಜಗನ್ನಾಥನಿಗೆ ತನ್ನ ವಂಶದ ಪಾಪ ತೊಳೆಯಬೇಕೆಂಬ ಹಂಬಲ. ಹೊಲೆಯರ ಕೈಯಲ್ಲಿ ಮನೆದೇವರ ಸಾಲಿಗ್ರಾಮ ಮುಟ್ಟಿಸಲು ಹೊರಡುತ್ತಾನೆ. ಅವರು ಹೆದರಿ ಹಿಂಜರಿದಾಗ ಅವನ ಬಾಯಿಂದ ಬರುವುದು ಅದೇ ಹಳೆಯ ಒಡೆಯನ ಗದರಿಕೆ. ಅವರ ಬಿಡುಗಡೆಗೆಂದು ಹೊರಟವನು ಅವರಿಗೆ ಅಪ್ಪಣೆ ಮಾಡುತ್ತಿದ್ದಾನೆ! ಅನಂತಮೂರ್ತಿಯವರದೇ ‘ಸೂರ್ಯನ ಕುದುರೆ’ ಕತೆಯಲ್ಲಿ ಓದಿ ದೊಡ್ಡವನಾದವನಿಗೆ ಊರಿನಲ್ಲಿ ಬಾಲ್ಯದ ಗೆಳೆಯ ಹಡೆ ವೆಂಕಟ ಎದುರಾಗುತ್ತಾನೆ. ಗೆಳೆಯನನ್ನು ತಿದ್ದಬೇಕೆಂಬ ಇವನ ಅವಸರ ವೆಂಕಟನ ಎಣ್ಣೆಸ್ನಾನದ ಮುಂದೆ ಜಾರಿ ಹೋಗುತ್ತದೆ. ಇವೆರಡೂ ದೊಡ್ಡ ಬರಹಗಳೇ. ಆದರೆ ಎರಡರಲ್ಲೂ ಹಿಂತಿರುಗಿ ಬಂದು ನೋಡುವ ಕಣ್ಣು ಓದಿದವನದು, ಊರು ಬಿಟ್ಟು ಹೋಗಲು ಸಾಧ್ಯವಾದವನದು.

ಕೊಟ್ಟಿಗೆಯ ಪಕ್ಕ ಕೂತಿದ್ದವನು ಬರೆದರೆ ಏನಾಗುತ್ತದೆ? ಕನ್ನಡದ ಪುಣ್ಯ, ಇದಕ್ಕೆ ಉತ್ತರ ಹುಡುಕಲು ಹಂಪಾಪುರದಿಂದ ದೂರ ಹೋಗಬೇಕಿಲ್ಲ. ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರಿನವರು ಲೇಖಕ ದೇವನೂರ ಮಹಾದೇವ. ಅವರ ‘ಒಡಲಾಳ’ದಲ್ಲೂ ಕಳ್ಳತನವಿದೆ, ನಿಜವಾದ ಕಳ್ಳತನ. ಸಾಹುಕಾರನ ಕಡಲೆಕಾಯಿ ಮೂಟೆ ಸಾಕವ್ವನ ಮನೆಗೆ ಬಂದು ಬೀಳುತ್ತದೆ, ರಾತ್ರಿಯೆಲ್ಲ ಇಡೀ ಮನೆ ಬೆಂಕಿಯ ಸುತ್ತ ಕೂತು ತಿನ್ನುತ್ತದೆ, ಬೆಳಗ್ಗೆ ಪೊಲೀಸರು ಬರುತ್ತಾರೆ. ಹಸನ್ ಕದಿಯದೆ ಕಳ್ಳನಾಗಿ ಓದುಗರನ್ನು ಅಳಿಸಿದ. ಸಾಕವ್ವನ ಮನೆಯವರು ಕದ್ದು, ಹೊಟ್ಟೆತುಂಬ ತಿಂದು, ನಗುತ್ತಾರೆ. ಓದುಗನಿಗೆ ಆ ರಾತ್ರಿ ಹಬ್ಬದಂತೆ ಅನಿಸುತ್ತದೆ, ನ್ಯಾಯ ಯಾವ ಕಡೆ ಇದೆ ಎಂದು ಗೊಂದಲವಾಗುವುದೇ ಇಲ್ಲ. ಇಲ್ಲಿ ಯಾರಿಗೂ ಯಾರ ಕ್ಷಮೆಯೂ ಬೇಕಾಗಿಲ್ಲ. 1984ರ ‘ಕುಸುಮಬಾಲೆ’ಯಲ್ಲಿ ಜಮೀನ್ದಾರರ ಮನೆಯ ಹೆಣ್ಣನ್ನು ಪ್ರೀತಿಸಿದ ಚನ್ನನನ್ನು ಕೊಲ್ಲುತ್ತಾರೆ. ಆ ಕತೆ ಬಂದದ್ದು ಯಾರ ಪಾಪಪ್ರಜ್ಞೆಯ ಮೂಲಕವೂ ಅಲ್ಲ, ಊರಿನದೇ ಆಡುಮಾತಿನಲ್ಲಿ. ದೀಪದ ಜೋತಮ್ಮಂದಿರು ಮಾತಾಡುತ್ತಾರೆ, ಮಂಚ ಮಾತಾಡುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 1990ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟಿತು.

ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯ ಆರಂಭದಲ್ಲೇ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ಉಳುವ ದೃಶ್ಯವಿದೆ. ನೋಡುತ್ತ ನಿಂತ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಇಲ್ಲಿಯೂ ಒಂದು ಮಗು ನೋಡುತ್ತಿದೆ. ಆದರೆ ಈ ಮಗು ಬೆಳೆದು ಪ್ರಾಯಶ್ಚಿತ್ತ ಹುಡುಕಲಿಲ್ಲ, ಹೋರಾಟ ಹುಡುಕಿತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವೂ ಇದೇ ಸಾಲಿನದು. ಈ ಪುಸ್ತಕಗಳಲ್ಲಿ ಸಿಟ್ಟಿದೆ, ತಮಾಷೆಯಿದೆ, ತಮ್ಮವರನ್ನೇ ಕೆಣಕುವ ಧೈರ್ಯವಿದೆ. ಹಸನನಿಗೆ ಸಿಗದೇ ಹೋದದ್ದು ಇವೆಲ್ಲ.

ಹಾಗೆಂದು ಅಮೀರನಂಥವರ ಪಶ್ಚಾತ್ತಾಪ ಬರೀ ನಾಟಕ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ತಾನು ಮರೆಯಲ್ಲಿ ನಿಂತಿದ್ದೆ ಎಂದು ಒಪ್ಪಿಕೊಳ್ಳುವ ಬರಹ ಯಾವ ಭಾಷೆಗಾದರೂ ಬೇಕು. ನಮ್ಮಲ್ಲಿ ಜಗಲಿಯ ಮೇಲೆ ಕೂತು ‘ನಾವೆಲ್ಲ ಒಂದೇ ತಾಯಿ ಮಕ್ಕಳಂಗೆ ಬೆಳ್ದೋರು’ ಎಂದು ನೆನೆಯುವವರೇ ಹೆಚ್ಚು. ಆ ಮಾತು ಹೇಳುವವನು ಯಾವಾಗಲೂ ದಾರ ಹಿಡಿದಿದ್ದವನೇ ಆಗಿರುತ್ತಾನೆ. ಅವನಿಗೆ ತನ್ನ ಮನೆಯ ಹೊಸಲು, ಎರಡು ಲೋಟದ ಹೋಟೆಲು, ಗೆಳೆಯ ಬಿಟ್ಟುಹೋದ ಇಸ್ಕೂಲು ನೆನಪಾಗಬೇಕಾದರೆ ‘ಕೈಟ್ ರನ್ನರ್’ನಂಥ ಕಾದಂಬರಿ ಒಳ್ಳೆಯ ಔಷಧಿ. ಆದರೆ ಅದೊಂದನ್ನೇ ಓದಿ ಕಣ್ಣೊರೆಸಿಕೊಂಡರೆ ಪಥ್ಯವಿಲ್ಲದ ಔಷಧಿಯಾಗುತ್ತದೆ. ಕಾಬೂಲಿಗೆ ಸುರಿದ ಕಣ್ಣೀರಿನಲ್ಲಿ ಒಂದು ಹನಿಯಾದರೂ ಊರಿನ ಕೇರಿಯ ಕಡೆ ಹರಿಯಬೇಡವೆ?

ಕಾಲೇಜುಗಳಲ್ಲಿ, ಓದುಗರ ಬಳಗಗಳಲ್ಲಿ ಈ ಎರಡು ಬಗೆಯ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿಸುವುದು ಕಷ್ಟವಲ್ಲ. ‘ಭಾರತೀಪುರ’ ಓದಿದ ವಾರವೇ ‘ಒಡಲಾಳ’. ಹೊಸೇನಿಯ ಜೊತೆಗೆ ‘ಊರುಕೇರಿ’. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂದು ಹೆಸರು ಬದಲಿಸಿಕೊಂಡಿವೆ. ಹೋಬಳಿ ಕೇಂದ್ರವಾದ ಹಂಪಾಪುರದಂಥ ಊರಿನಲ್ಲಿ ಸಂಜೆ ಹೊತ್ತು ‘ಒಡಲಾಳ’ವನ್ನು ಗಟ್ಟಿಯಾಗಿ ಓದಿದರೆ, ಕೇಳುವವರಿಗೆ ಅರ್ಥ ಹೇಳಬೇಕಾದ ಪದಗಳೇ ಇರಲಾರವು. ಅದು ಅವರವರ ಮನೆಯ ಮಾತು.

ಹೊಸೇನಿಯ ಕಾದಂಬರಿಯಲ್ಲಿ ಹಸನನಿಗೆ ಓದು ಬರುತ್ತಿರಲಿಲ್ಲ. ಗುಡ್ಡದ ಮೇಲಿನ ದಾಳಿಂಬೆ ಮರದ ಕೆಳಗೆ ಅಮೀರ್ ಅವನಿಗೆ ಕತೆ ಓದಿ ಹೇಳುತ್ತಿದ್ದ, ಒಮ್ಮೊಮ್ಮೆ ಪದಗಳಿಗೆ ತಪ್ಪು ಅರ್ಥ ಹೇಳಿ ಒಳಗೊಳಗೇ ನಗುತ್ತಿದ್ದ. ದೊಡ್ಡವನಾದ ಮೇಲೆ ಹಸನ್ ಅಕ್ಷರ ಕಲಿತು, ಗೆಳೆಯನಿಗೆ ಒಂದು ಕಾಗದ ಬರೆಯುತ್ತಾನೆ. ಅದು ಅಮೀರನ ಕೈ ಸೇರುವ ಹೊತ್ತಿಗೆ ಬರೆದವನು ಇಲ್ಲ. ಕನ್ನಡದಲ್ಲಿ ಅಂಥ ಕಾಗದಗಳು ನಲವತ್ತು, ಐವತ್ತು ವರ್ಷದಿಂದ ಬರುತ್ತಲೇ ಇವೆ, ಬರೆದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ದೇವನೂರರ ಕಾಗದಕ್ಕಂತೂ ಅಂಚೆಚೀಟಿಯೂ ಬೇಡ. ಕೋಟೆಯ ಮಗ್ಗುಲಲ್ಲಿ ಹರಿಯುವ ಕಪಿಲೆಯ ದಂಡೆ ಹಿಡಿದು ಕೆಳಗೆ ಹೋದರೆ ನಂಜನಗೂಡು ಸಿಗುತ್ತದೆ.