ವಾಹನದ ತಳಭಾಗಕ್ಕೆ ಎಂಥ ಲೇಪನ?



ಕಾಫಿ ಕೊಯಿಲು ಮುಗಿದು ಅಡಿಕೆ ಮಂಡಿ ಸೇರಿತೆಂದರೆ ನಮ್ಮ ಸದಸ್ಯರಲ್ಲಿ ಹಲವರು ಜೀಪು, ಪಿಕಪ್, ಟ್ರೇಲರುಗಳನ್ನು ರಿಪೇರಿಗೆ ಬಿಡುವುದು ವಾಡಿಕೆ. ತಳಭಾಗದ ಬಿಡಿಭಾಗಗಳನ್ನು ಕಳಚಿ ಯಶವಂತಪುರ, ಪೀಣ್ಯ ಕಡೆಯ ವರ್ಕ್‌ಶಾಪುಗಳಿಗೆ ಕಳುಹಿಸಿ ಪೌಡರ್ ಕೋಟಿಂಗ್ ಮಾಡಿಸುವವರೂ ಇದ್ದಾರೆ. ಒಳ್ಳೆಯದೇ. ಆದರೆ "ಕಪ್ಪು ಮಿರುಗುವಂತಿರಲಿ, ದರ ಎಷ್ಟು?" ಎಂದಷ್ಟೇ ಕೇಳಿ ಬರುವುದು ಸಾಲದೆಂಬುದು ನಮ್ಮ ಅಭಿಪ್ರಾಯ. ಪುಡಿ ಯಾವುದೆಂಬುದು ಎರಡನೆಯ ಮಾತು. ಪುಡಿ ಬೀಳುವ ಮುನ್ನ ಕಬ್ಬಿಣಕ್ಕೆ ಏನು ಮಾಡಿದರು ಎಂಬುದೇ ಮೊದಲನೆಯದು.

ಹೆಬ್ಬಾಳ, ಯಲಹಂಕದ ಡಾಂಬರು ರಸ್ತೆಯಲ್ಲಿ ಓಡುವ ಕಾರಿನ ಪಾಡು ಬೇರೆ, ನಮ್ಮ ಟ್ರೇಲರಿನ ಪಾಡು ಬೇರೆ. ನಾವು ಹೇರುವ ಪೊಟ್ಯಾಷ್ ಹೆಚ್ಚಾಗಿ ಮ್ಯೂರಿಯೇಟ್, ಅಂದರೆ ಕ್ಲೋರೈಡ್. ಅಡುಗೆ ಉಪ್ಪಿನ ದಾಯಾದಿ. ಇನ್ನು ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಕೆಂಪು ಅಂಟಿತೇ ಎಂದು ನೋಡುತ್ತೇವಷ್ಟೆ. ಮೈಲುತುತ್ತದ ನೀರು ಸೋರಿದ ಚಾಸಿಗೂ ಅದೇ ಗತಿ: ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಮಲೆನಾಡಿನ ಮಳೆಗಾಲ ಅದನ್ನು ಒಣಗಲೂ ಬಿಡುವುದಿಲ್ಲ.

ಇಂಥಲ್ಲಿ ತುಕ್ಕಿನ ಮೇಲೆಯೇ ಪುಡಿ ಹೊಡೆಸುವುದಕ್ಕಿಂತ ಬಡ ಎಣ್ಣೆಬಣ್ಣವೇ ಮೇಲು. ಎಣ್ಣೆಬಣ್ಣದಲ್ಲಿ ತುಕ್ಕು ಬೇಗ ಕಣ್ಣಿಗೆ ಬೀಳುತ್ತದೆ. ಪೌಡರಿನ ಗಟ್ಟಿ ಪದರದಡಿ ಅದು ಗುಟ್ಟಾಗಿ ಹರಡಿ, ಒಂದು ದಿನ ಪದರವೇ ಹಾಳೆಯಂತೆ ಏಳುತ್ತದೆ. ಹೊರೆ ಹೊತ್ತು ಘಾಟಿ ಇಳಿಯುವಾಗ ಕಮಾನುಪಟ್ಟಿಯ ಕೊಂಡಿ ಕಳಚಿದರೆ ಉಳಿಸಿದ ಹಣದ ಲೆಕ್ಕ ಯಾರಿಗೆ ಬೇಕು? ಆದ್ದರಿಂದ ಜಿಡ್ಡು ತೆಗೆದು, ಶಾಟ್ ಬ್ಲಾಸ್ಟಿಂಗ್‌ನಿಂದ ಬಿಳಿ ಲೋಹ ಕಾಣಿಸಿ, ಜಿಂಕ್ ಫಾಸ್ಫೇಟ್ ಮಾಡಿದ ಮೇಲೆಯೇ ಪುಡಿ ಎಂದು ಆರ್ಡರಿನಲ್ಲಿ ಬರೆಸಿಕೊಳ್ಳಬೇಕು.

ಪುಡಿಯ ವಿಚಾರದಲ್ಲಿ ಗೊಂದಲ ಬೇಡ. ಎಪಾಕ್ಸಿ ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತದೆ, ಬಿಸಿಲಿಗೆ ಮಾತ್ರ ಮಾಸಿ ಸುಣ್ಣದಂತಾಗುತ್ತದೆ. ಪಾಲಿಯೆಸ್ಟರ್ ಬಿಸಿಲು ತಾಳುತ್ತದೆ. ತಳಭಾಗಕ್ಕೆ ಬಿಸಿಲೆಲ್ಲಿ? ಸತುವಿನ ಅಂಶ ಹೆಚ್ಚಿರುವ ಎಪಾಕ್ಸಿ ಪ್ರೈಮರ್ ಒಂದು ಪದರ, ಅದರ ಮೇಲೆ ಎಪಾಕ್ಸಿ ಮತ್ತೊಂದು ಪದರ ನಮಗೆ ಸರಿಯೆನಿಸುತ್ತದೆ. ಕಲ್ಲು ಬಡಿದು ಗೀರು ಬಿದ್ದರೂ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಬಂಪರು, ಟ್ರೇಲರಿನ ಪಕ್ಕದ ಚೌಕಟ್ಟುಗಳಿಗೆ ಮೇಲ್ಪದರ ಪಾಲಿಯೆಸ್ಟರ್ ಇರಲಿ. ಒಂದು ಪದರ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಅಳೆಯುವ ಯಂತ್ರ ಅವರಲ್ಲಿರುತ್ತದೆ, ಎದುರಿನಲ್ಲೇ ಅಳೆಸಿ. ಚೂಪಾದ ಅಂಚುಗಳಲ್ಲಿ ಪದರ ತೆಳುವಾಗುವುದರಿಂದ ಅವನ್ನು ಮೊದಲೇ ಅರದಿಂದ ದುಂಡಗೆ ಮಾಡಿಸಬೇಕು.

ಒಲೆಯ ವಿಷಯ ಮರೆಯಬಾರದು. ಹೆಚ್ಚಿನ ಪುಡಿಗಳು ಬೇಯುವುದು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿ ಲೋಹಕ್ಕೇ ಮುಟ್ಟಬೇಕು, ಒಲೆಯ ಗಾಳಿಗೆ ಮುಟ್ಟಿದರೆ ಸಾಲದು. ದಪ್ಪ ಆಕ್ಸಲ್ ಕವಚವನ್ನೂ ತೆಳು ಬ್ರಾಕೆಟನ್ನೂ ಒಟ್ಟಿಗೆ ಇಟ್ಟು ಒಟ್ಟಿಗೆ ತೆಗೆದರೆ ದಪ್ಪದ್ದು ಅರೆಬೆಂದಿರುತ್ತದೆ. ಅದೇ ಪಾಳಿಯಲ್ಲಿ ಲೇಪಿಸಿದ ತಗಡಿನ ತುಂಡೊಂದನ್ನು ಕೇಳಿ ಪಡೆದು, ಬ್ಲೇಡಿನಿಂದ ಚೌಕುಳಿ ಗೀರಿ, ಟೇಪು ಅಂಟಿಸಿ ಕಿತ್ತು ನೋಡಿ. ಆ ತುಂಡು ಚೆಕ್ಕೆ ಎದ್ದರೆ ಮಾತನಾಡಲು ಅಷ್ಟು ಸಾಕು.

ಪೆಟ್ಟಿಗೆಯಂತಿರುವ ಚಾಸಿಯ ಒಳಮೈಗೆ ಪುಡಿ ತಲುಪುವುದಿಲ್ಲ. ಅಲ್ಲಿಗೆ ಮೇಣದೆಣ್ಣೆ ಸಿಂಪಡಿಸಿ, ನೀರು ಬಸಿಯುವ ತೂತುಗಳನ್ನು ತೆರೆದಿಡಬೇಕು.

ಒಬ್ಬೊಬ್ಬರೇ ಎರಡು ಬ್ರಾಕೆಟ್ ಹಿಡಿದು ಹೋದರೆ ಈ ಷರತ್ತುಗಳಿಗೆ ಯಾರು ಕಿವಿಗೊಟ್ಟಾರು? ಸಂಘದಿಂದ ಮುಂಗಾರಿಗೆ ಮೊದಲು ಒಂದೇ ಲೋಡಿನಲ್ಲಿ, ಒಂದೇ ಲಿಖಿತ ಆರ್ಡರಿನಲ್ಲಿ ಕಳುಹಿಸೋಣವೆಂಬುದು ನಮ್ಮ ಸಲಹೆ. ಒಪ್ಪುವವರು ಮಾರ್ಚ್ ಕೊನೆಯೊಳಗೆ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ರಬ್ಬರ್ ಬುಷ್, ಬೇರಿಂಗ್ ಕಳಚಿ, ಗ್ರೀಸ್ ಒರೆಸಿ, ಸದಸ್ಯತ್ವದ ಸಂಖ್ಯೆಯನ್ನು ಉಳಿಯಿಂದ ಕೊರೆದ ತಗಡನ್ನು ತಂತಿಯಲ್ಲಿ ಕಟ್ಟಿ ತನ್ನಿ. ಕಾಗದದ ಚೀಟಿ ತೊಟ್ಟಿಯಲ್ಲೂ ಉಳಿಯದು, ಒಲೆಯಲ್ಲೂ ಉಳಿಯದು.