ವಸಂತನರಸಾಪುರದಲ್ಲಿ ಕೇಳಿದ್ದ ಶೇ 5 ಎಲ್ಲಿ ಹೋಯಿತು?

ಹತ್ತು ರೂಪಾಯಿಗೆ ಕ್ಯಾಂಪಾ ಕೋಲಾ ಸಿಗತೊಡಗಿದ ಮೇಲೆ ನಮ್ಮ ಅಂಕಣಗಳಲ್ಲಿ 1977 ಮತ್ತೆ ಕಾಣಿಸಿಕೊಂಡಿದೆ. ಜಾರ್ಜ್ ಫರ್ನಾಂಡಿಸ್ ಕಾಲದಲ್ಲಿ ಕೋಕಾ ಕೋಲಾ ಗಂಟುಮೂಟೆ ಕಟ್ಟಿದ್ದು, ಅದರ ಬಾಟ್ಲಿಂಗ್ ಮಾಡುತ್ತಿದ್ದ ಪ್ಯೂರ್ ಡ್ರಿಂಕ್ಸ್‌ನವರು ಕ್ಯಾಂಪಾ ತಂದದ್ದು, 1993ರಲ್ಲಿ ಕೋಕ್ ಮರಳಿದ ಮೇಲೆ ಅದು ಮೂಲೆ ಸೇರಿದ್ದು, 2022ರಲ್ಲಿ ರಿಲಯನ್ಸ್ ಸುಮಾರು ₹22 ಕೋಟಿಗೆ ಆ ಹೆಸರನ್ನು ಕೊಂಡದ್ದು ಎಲ್ಲರಿಗೂ ಬಾಯಿಪಾಠ. ಇದನ್ನು ಸ್ವದೇಶಿಯ ಮರುಹುಟ್ಟು ಎಂದು ಕೊಂಡಾಡುವವರಿಗೆ ಒಂದೇ ಮಾತು: ಬ್ರ್ಯಾಂಡಿನ ಒಡೆಯರು ಅಟ್ಲಾಂಟಾದಲ್ಲಿದ್ದರೇನು, ಮುಂಬೈಯಲ್ಲಿದ್ದರೇನು, ಬಾಟ್ಲಿಯೊಳಗೆ ಹಣ್ಣಿಲ್ಲದಿದ್ದರೆ ಗುಬ್ಬಿಯ ತೋಟದವರಿಗೆ ಎರಡೂ ಒಂದೇ. ಹಣ್ಣು ಯಾಕಿಲ್ಲ ಎಂದು ಹುಡುಕುತ್ತ ಹೋದರೆ ತಲುಪುವುದು ಜಿಎಸ್‌ಟಿ ಮಂಡಳಿಯ ಬಾಗಿಲಿಗೆ.

ಈ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆ 5. ಅದನ್ನು ಹೇಳಿದ ಜಾಗವೂ ದೂರದ್ದಲ್ಲ. 2014ರ ಸೆಪ್ಟೆಂಬರ್ 24ರಂದು ತುಮಕೂರಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿ, ಪೆಪ್ಸಿ, ಕೋಕಾ ಕೋಲಾಗಳ ಹೆಸರನ್ನೇ ಹಿಡಿದು, ನಿಮ್ಮ ಪಾನೀಯಗಳಲ್ಲಿ ಶೇ 5ರಷ್ಟು ಹಣ್ಣಿನ ರಸ ಬೆರೆಸಿ ಎಂದು ಕೇಳಿದರು. ಹೆಚ್ಚೇನೂ ಕೇಳುತ್ತಿಲ್ಲ, ಇಷ್ಟು ಮಾಡಿದರೆ ರೈತ ಮಾರುಕಟ್ಟೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅವರ ಮಾತಿನ ಸಾರ. ಒಳ್ಳೆಯ ಮಾತೇ. ಆದರೆ ಕಂಪನಿಗಳಿಗೆ ವೇದಿಕೆಯಿಂದ ಮನವಿ ಮಾಡಿದ ಸರ್ಕಾರದ ಕೈಯಲ್ಲೇ ತೆರಿಗೆಯೂ ಇತ್ತು. ಆ ತೆರಿಗೆ ಮುಂದಿನ ಹನ್ನೊಂದು ವರ್ಷ ಏನು ಮಾಡಿತು ಎಂಬುದೇ ಇಲ್ಲಿನ ಪ್ರಶ್ನೆ.

ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ಪಾಲಿನ ಕೆಲಸ ಮಾಡಿತು. 2016ರಲ್ಲಿ ಗ್ಯಾಸ್ ತುಂಬಿದ ಹಣ್ಣಿನ ಪಾನೀಯಕ್ಕೇ ಪ್ರತ್ಯೇಕ ಮಾನದಂಡ ಬರೆಯಿತು. ಶೇ 10ರಷ್ಟು ರಸವಿದ್ದರೆ (ನಿಂಬೆಯಾದರೆ ಶೇ 5) ಒಂದು ವರ್ಗ; ಶೇ 5ರಿಂದ 10ರೊಳಗೆ ಇದ್ದರೆ (ನಿಂಬೆಯಾದರೆ ಶೇ 2.5ರಿಂದ) ಇನ್ನೊಂದು. ವಸಂತನರಸಾಪುರದ ಭಾಷಣ ಹೀಗೆ ಕಾನೂನಿನ ಪುಸ್ತಕಕ್ಕೆ ಸೇರಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಕೂಡ ದಾರಿ ಸುಗಮ ಮಾಡಿತು. ಕೇರಳದ ತೆರಿಗೆ ಇಲಾಖೆ ಆ್ಯಪಿ ಫಿಜ್ ಅನ್ನು ಸೋಡಾ ಜಾತಿಗೆ ಸೇರಿಸಿ ಶೇ 20 ವ್ಯಾಟ್ ಕೇಳಿತ್ತು. ಅದು ಹಣ್ಣಿನ ರಸದ ಪಾನೀಯ, ಗ್ಯಾಸ್ ಇದೆ ಎಂದ ಮಾತ್ರಕ್ಕೆ ಅದರ ಜಾತಿ ಬದಲಾಗದು, ಶೇ 12.5 ಸಾಕು ಎಂದು ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು.

ಅದೇ ವರ್ಷ ಜಿಎಸ್‌ಟಿ ಬಂತು. ಕೋಲಾಕ್ಕೆ ಶೇ 28, ಮೇಲೆ ಶೇ 12 ಸೆಸ್; ಹಣ್ಣಿನ ಪಾನೀಯಕ್ಕೆ ಶೇ 12. ಎರಡರ ನಡುವೆ ನಿಂತ ಗ್ಯಾಸು ತುಂಬಿದ ಹಣ್ಣಿನ ಪಾನೀಯ ಯಾವ ಕಡೆಗೆ ಎಂಬ ಜಗಳ ನಾಲ್ಕು ವರ್ಷ ನಡೆಯಿತು. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಮಂಡಳಿಯ 45ನೇ ಸಭೆ ಅದನ್ನು ಮುಗಿಸಿತು: ಹಣ್ಣಿದ್ದರೂ ಶೇ 28, ಮೇಲೆ ಶೇ 12. ದರಗಳನ್ನೆಲ್ಲ ಸರಳಗೊಳಿಸಿದ 2025ರ ಸೆಪ್ಟೆಂಬರ್ 3ರ ಸಭೆಯಲ್ಲಾದರೂ ತಿದ್ದಬಹುದಿತ್ತು. ತಿದ್ದಲಿಲ್ಲ. ಸೆಸ್ಸನ್ನು ಒಳಗೆ ಸೇರಿಸಿ ನೇರ ಶೇ 40 ಮಾಡಿತು. ಗ್ಯಾಸಿಲ್ಲದ ಹಣ್ಣಿನ ಪಾನೀಯವನ್ನು ಮಾತ್ರ ಶೇ 12ರಿಂದ 5ಕ್ಕೆ ಇಳಿಸಿತು. ಪ್ರಧಾನಿಯೇ ಕೇಳಿದ ಸರಕಿಗೆ ಅವರದೇ ಸರ್ಕಾರದ ಹಣಕಾಸು ಸಚಿವರ ಅಧ್ಯಕ್ಷತೆಯ ಮಂಡಳಿ ಎರಡೆರಡು ಸಲ ಅತಿ ಹೆಚ್ಚಿನ ತೆರಿಗೆ ಹಾಕಿದೆ. ಇದರ ಬಗ್ಗೆ ಒಂದು ಸಂಪಾದಕೀಯವಾದರೂ ಬರಬೇಡವೇ?

ಲೆಕ್ಕ ಹಾಕಿ ನೋಡಿ. ಹತ್ತು ರೂಪಾಯಿಯ 200 ಎಂ.ಎಲ್. ಬಾಟ್ಲಿಯಲ್ಲಿ ಶೇ 40ರ ದರದಲ್ಲಿ ತೆರಿಗೆ ₹2.86. ಶೇ 5ರ ದರದಲ್ಲಿ 48 ಪೈಸೆ. ಶೇ 5 ರಸವೆಂದರೆ ಈ ಬಾಟ್ಲಿಗೆ 10 ಎಂ.ಎಲ್. ಹಣ್ಣಿನ ತಿರುಳು ಕೆ.ಜಿ.ಗೆ ₹60 ಎಂದಿಟ್ಟುಕೊಂಡರೂ ಅದರ ಖರ್ಚು 60 ಪೈಸೆ. ಈಗಿನ ದರದಲ್ಲಿ ಈ 60 ಪೈಸೆ ಹಾಕಿದವನಿಗೆ ತೆರಿಗೆಯಲ್ಲಿ ನಯಾಪೈಸೆ ಉಳಿಯುವುದಿಲ್ಲ. ಹಾಕದೆ ಬಣ್ಣ, ಪರಿಮಳ ಬೆರೆಸಿದವನೂ ಕಟ್ಟುವುದು ಅಷ್ಟೇ. ಹತ್ತು ರೂಪಾಯಿಗೆ ಮಾರಲು ಪೈಸೆ ಪೈಸೆಗೂ ಕತ್ತರಿ ಹಾಕುವ ವ್ಯಾಪಾರದಲ್ಲಿ ಯಾವ ಕಂಪನಿ, ಸ್ವದೇಶಿಯೋ ವಿದೇಶಿಯೋ, ಸುಮ್ಮನೆ ಹಣ್ಣು ಹಾಕೀತು? ಕಂಪನಿಗಳಿಗೆ ರೈತರ ಮೇಲೆ ಕಾಳಜಿಯಿಲ್ಲ ಎಂದು ಬೈಯುವುದು ಸುಲಭ. ಅವು ತೆರಿಗೆಯ ಪಟ್ಟಿಯನ್ನು ಸರಿಯಾಗಿಯೇ ಓದಿಕೊಂಡಿವೆ.

ಇನ್ನೂ ವಿಚಿತ್ರವಾದದ್ದಿದೆ. ಶೇ 10ರಷ್ಟು ಮಾವಿನ ತಿರುಳು ಹಾಕಿ, ಬೇಕಾದಷ್ಟು ಸಕ್ಕರೆ ಸುರಿದು, ಗ್ಯಾಸ್ ತುಂಬದೆ ಮಾರಿದರೆ ಶೇ 5. ಅದೇ ತಿರುಳು, ಅದಕ್ಕಿಂತ ಕಡಿಮೆ ಸಕ್ಕರೆ, ಜೊತೆಗೆ ಗ್ಯಾಸ್ ಇದ್ದರೆ ಶೇ 40. ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೂ ಶೇ 40. ಅಂದರೆ ಸಕ್ಕರೆ ಎಷ್ಟು ಎಂದು ಈ ತೆರಿಗೆ ಕೇಳುವುದಿಲ್ಲ, ಹಣ್ಣು ಎಷ್ಟು ಎಂದೂ ಕೇಳುವುದಿಲ್ಲ. ಗುಳ್ಳೆ ಏಳುತ್ತದೆಯೇ ಎಂದಷ್ಟೇ ನೋಡುತ್ತದೆ. 35 ಪಾಯಿಂಟುಗಳ ಅಂತರ ಇಂಗಾಲದ ಡೈಆಕ್ಸೈಡಿಗೆ!

ಶೇ 40ನ್ನು ಸಮರ್ಥಿಸುವವರು ಇಲ್ಲಿ ಸಕ್ಕರೆ ಕಾಯಿಲೆಯನ್ನು ಮುಂದಿಡುತ್ತಾರೆ. ಕಾಯಿಲೆ ನಿಜ, ಅದಕ್ಕೆ ತೆರಿಗೆಯೂ ಒಂದು ಮದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಮದ್ದು ಕೊಡುವ ಕ್ರಮವಿದೆ. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ತಂದ ತೆರಿಗೆ 100 ಎಂ.ಎಲ್.ಗೆ ಎಷ್ಟು ಗ್ರಾಂ ಸಕ್ಕರೆ ಎಂದು ಅಳೆಯಿತು: 5 ಗ್ರಾಂಗಿಂತ ಕಡಿಮೆಯಿದ್ದರೆ ತೆರಿಗೆಯೇ ಇಲ್ಲ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ಕಂಪನಿಗಳು ತೆರಿಗೆಯಿಂದ ತಪ್ಪಿಸಿಕೊಳ್ಳಲು ಸಕ್ಕರೆ ಇಳಿಸಿದವು, ಅದೇ ಬೇಕಾಗಿತ್ತು. ನಮ್ಮಲ್ಲೂ ಮೊದಲ ಹೆಜ್ಜೆ ಇಡಲಾಗಿತ್ತು. 2014ರ ಜುಲೈ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ ಶೇ 5 ಹೆಚ್ಚುವರಿ ಅಬಕಾರಿ ಸುಂಕ ಹಾಕಿದ್ದು ಸಕ್ಕರೆ ಬೆರೆಸಿದ ಗ್ಯಾಸ್ ಪಾನೀಯಗಳಿಗೆ. ಜಿಎಸ್‌ಟಿ ಬಂದ ಮೇಲೆ ಆ ವಿವೇಚನೆಯೂ ಹೋಯಿತು.

ಶೇ 5 ಹಣ್ಣು ರೈತರ ಕಷ್ಟವನ್ನೆಲ್ಲ ತೀರಿಸುತ್ತದೆ ಎಂದು ನಾನೇನೂ ಹೇಳುತ್ತಿಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದಾಗ ಬೆಲೆ ನೆಲಕಚ್ಚಿತು. ಕೊನೆಗೆ ಕೇಂದ್ರ ಮತ್ತು ರಾಜ್ಯ ಸೇರಿ 2.5 ಲಕ್ಷ ಟನ್‌ವರೆಗೆ ಕ್ವಿಂಟಲ್‌ಗೆ ₹1,616 ದರವನ್ನು ಆಧಾರವಾಗಿಟ್ಟುಕೊಂಡು ಬೆಲೆ ವ್ಯತ್ಯಾಸ ತುಂಬಿಕೊಡಬೇಕಾಯಿತು. ಹಣ್ಣಿನ ತೂಕದಲ್ಲಿ ಅರ್ಧ ತಿರುಳು ಎಂದುಕೊಂಡರೆ ಅಷ್ಟು ಮಾವನ್ನು ಬಾಟ್ಲಿಗೆ 10 ಎಂ.ಎಲ್.ನಂತೆ ಖಾಲಿ ಮಾಡಲು 1,250 ಕೋಟಿ ಬಾಟ್ಲಿ ಬೇಕು. ಅದು ಒಂದು ಸುಗ್ಗಿಯಲ್ಲಿ ಆಗುವ ಮಾತಲ್ಲ. ಆದರೆ ಒಂದು ಕೋಟಿ ಬಾಟ್ಲಿಗೆ ಸುಮಾರು 200 ಟನ್ ಹಣ್ಣು ಹೋಗುತ್ತದೆ. ಖಜಾನೆಯಿಂದ ವ್ಯತ್ಯಾಸ ತುಂಬಿಕೊಡುವ ಬದಲು ಕಾರ್ಖಾನೆಯೇ ಬಂದು ಕೊಳ್ಳುವ ಹಣ್ಣು ಅದು. ತಿರುಳು ಕಾರ್ಖಾನೆಗಾಗಿ ಪಕ್ಕದ ರಾಜ್ಯದ ಗೇಟಿನ ಮುಂದೆ ಲಾರಿ ನಿಲ್ಲಿಸಿ ಕಾಯುವ ಸ್ಥಿತಿ ಅಷ್ಟರಮಟ್ಟಿಗೆ ತಪ್ಪುತ್ತದೆ. ಮಾವು ಮಾತ್ರವಲ್ಲ, ಹಲಸೂ ಇದೆ: ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಗುರುತಿಸಿ ಹೆಸರಿಗೆ ತಂದದ್ದು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ. ಸಂಶೋಧನೆ ಒಂದು ಹೋಬಳಿಯಲ್ಲಿ, ಫುಡ್ ಪಾರ್ಕ್ ಇನ್ನೊಂದರಲ್ಲಿ, ಹಣ್ಣು ಸುತ್ತಲೂ. ನಡುವೆ ಇಲ್ಲದ್ದು ಕೊಳ್ಳುವ ಬಾಟ್ಲಿ.

ಈಗ 1977ಕ್ಕೆ ಬರೋಣ, ಅದನ್ನು ಬಿಟ್ಟರೆ ಅಂಕಣ ಪೂರ್ಣವಾಗದಂತೆ ಆಗಿದೆಯಲ್ಲ. ಆ ಕಥೆಯಲ್ಲಿ ಕರ್ನಾಟಕದ ಪಾಲು ಮಂಗಳೂರಿನವರಾದ ಫರ್ನಾಂಡಿಸ್ ಒಬ್ಬರದ್ದೇ ಅಲ್ಲ. ಕೋಕ್ ಹೋದ ಮೇಲೆ ಸರ್ಕಾರ ತಂದ ‘ಡಬಲ್ ಸೆವೆನ್’ ಕೋಲಾದ ಸೂತ್ರ ಸಿದ್ಧವಾದದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ. ತಯಾರಿಸಿದ್ದು ಮಾಡರ್ನ್ ಬ್ರೆಡ್ ಮಾಡುತ್ತಿದ್ದ ಸರ್ಕಾರಿ ಕಂಪನಿ. ದೇಶದ ಅತ್ಯುತ್ತಮ ಆಹಾರ ವಿಜ್ಞಾನಿಗಳು, ಸರ್ಕಾರದ ಹಣ, ಎದುರಾಳಿ ಬಹುರಾಷ್ಟ್ರೀಯ ಕಂಪನಿ ಮೈದಾನದಲ್ಲೇ ಇಲ್ಲ. ಇಷ್ಟಿದ್ದೂ ಡಬಲ್ ಸೆವೆನ್ ಸೋತಿತು, ಪಾರ್ಲೆಯ ಥಮ್ಸ್ ಅಪ್ ಗೆದ್ದಿತು. 1993ರಲ್ಲಿ ಅದನ್ನೂ ಕೋಕಾ ಕೋಲಾ ಕೊಂಡಿತು. ಮಾವು, ಹಲಸು, ನೆಲ್ಲಿಗಳನ್ನು ಅರೆದು ಕುಡಿದು ಪರೀಕ್ಷಿಸಬಲ್ಲ ಸಂಸ್ಥೆಯ ಕೈಯಲ್ಲಿ ಅಟ್ಲಾಂಟಾದ ರುಚಿಯ ನಕಲು ಮಾಡಿಸಿದ್ದು ಆಗಿನ ತಪ್ಪು. ಇಂದು ಕ್ಯಾಂಪಾ ಮೆರವಣಿಗೆ ಹೊರಟಿರುವವರು ಅದೇ ದಾರಿಯಲ್ಲಿದ್ದಾರೆ. ನಮ್ಮ ನೆಲದಿಂದಲೇ ಎದ್ದು ನಿಂತ ಬ್ರ್ಯಾಂಡ್ ಬೇಕೆಂದರೆ ಪುತ್ತೂರಿನ ನರಿಮೊಗರಿನತ್ತ ನೋಡಬೇಕು. 2002ರಲ್ಲಿ ಬಂದ ಬಿಂದು ಜೀರಾ ಕೋಲಾದ ಗೊಡವೆಗೆ ಹೋಗಲಿಲ್ಲ. ಊಟದ ಮೇಲೆ ಜೀರಿಗೆ ಬಯಸುವ ನಾಲಿಗೆಯನ್ನು ನಂಬಿತು, ಉಳಿಯಿತು. ಅದೂ ಗ್ಯಾಸಿನ ಪಾನೀಯವೇ. ಅದಕ್ಕೂ ಕೋಲಾದ ಶೇ 40ರ ಪಂಕ್ತಿಯಲ್ಲೇ ಜಾಗ.

ವಸಂತನರಸಾಪುರದ ಕಥೆ ಏನಾಯಿತು? ಫುಡ್ ಪಾರ್ಕ್ ಕಟ್ಟಿದ ಫ್ಯೂಚರ್ ಗ್ರೂಪ್ ಸಾಲದಲ್ಲಿ ಮುಳುಗಿ, ಅದರ ಚಿಲ್ಲರೆ ವ್ಯಾಪಾರದ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ಅಂಗಡಿಗಳನ್ನು ಹಿಡಿದುಕೊಂಡ ರಿಲಯನ್ಸ್ ಕ್ಯಾಂಪಾ ಕೊಂಡದ್ದೂ ಅದೇ ವರ್ಷ. ಮೆಗಾ ಫುಡ್ ಪಾರ್ಕ್ ಯೋಜನೆಗೆ ಹೊಸ ಮಂಜೂರಾತಿಯನ್ನು ಕೇಂದ್ರ 2021ರಲ್ಲೇ ನಿಲ್ಲಿಸಿದೆ. ಇತ್ತ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ನೋಡ್‌ಗೆ 2020ರ ಡಿಸೆಂಬರ್‌ನಲ್ಲಿ ₹1,701.81 ಕೋಟಿ ಮಂಜೂರಾಗಿದೆ. ಕಾರ್ಖಾನೆ ಬರಲಿ. ಆದರೆ ತಂಪು ಪಾನೀಯದ ಕಾರ್ಖಾನೆ ಬಂದರೆ ಜಿಲ್ಲೆ ಕೊಡುವುದೇನು ಎಂದು ಕೇಳಬೇಕಲ್ಲ? ಸಾರ ಹೊರಗಿನಿಂದ, ಸಕ್ಕರೆ ಹೊರಗಿನಿಂದ. ಹಣ್ಣಿಲ್ಲದ ಕೋಲಾಕ್ಕೆ ತುಮಕೂರು ಕೊಡುವುದು ನೀರು. ಅದೂ ಎಂಥ ನೀರು? ಹೇಮಾವತಿ ನೀರಿನ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಕುಣಿಗಲ್‌ಗೆ ಹೋದರೆ ನಮಗೇನು ಉಳಿಯುತ್ತದೆ ಎಂದು ಗುಬ್ಬಿಯ ರೈತರು ಬೀದಿಗಿಳಿದದ್ದು 2025ರ ಮೇ ತಿಂಗಳಲ್ಲಿ. ಹೇಮಾವತಿಯ ಒಂದೊಂದು ಟಿಎಂಸಿಗೂ ಕಾದಾಡುವ ತಾಲ್ಲೂಕುಗಳಿಗೆ, ನೀರು ಮಾತ್ರ ಬೇಡುವ ಬಾಟ್ಲಿಗಿಂತ ಹಣ್ಣನ್ನೂ ಕೊಳ್ಳುವ ಬಾಟ್ಲಿ ಬೇಕು.

ಪರಿಹಾರಕ್ಕೆ ಹೊಸ ಸಮಿತಿ ಬೇಡ. 2016ರ ಮಾನದಂಡವೇ ಇದೆ, ಜಿಎಸ್‌ಟಿಯ ದರಗಳೂ ಇವೆ. ಶೇ 10 ರಸವಿದ್ದು ಸಕ್ಕರೆ ಮಿತಿಯೊಳಗಿದ್ದರೆ, ಗ್ಯಾಸ್ ಇರಲಿ ಬಿಡಲಿ, ಶೇ 5. ಶೇ 5ರಿಂದ 10ರೊಳಗಿದ್ದರೆ ಶೇ 18. ಹಣ್ಣೇ ಇಲ್ಲದಿದ್ದರೆ ಶೇ 40. ಹತ್ತು ರೂಪಾಯಿಯ ಬಾಟ್ಲಿಗೆ 60 ಪೈಸೆಯ ತಿರುಳು ಹಾಕಿದವನಿಗೆ ತೆರಿಗೆಯಲ್ಲಿ ₹1.33 ಉಳಿಯುತ್ತದೆ. ಆಗ ಯಾರೂ ವೇದಿಕೆ ಹತ್ತಿ ಬೇಡಿಕೊಳ್ಳಬೇಕಿಲ್ಲ. ಹೆಸರಿಗೆ ಹಣ್ಣು ಹಾಕಿ ತೆರಿಗೆ ತಪ್ಪಿಸುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರ ಪ್ರಯೋಗಾಲಯದಲ್ಲಿದೆ. ಗ್ಯಾಸಿಲ್ಲದ ಪಾನೀಯಕ್ಕೆ ಶೇ 5 ಕೊಡುವಾಗ ಈ ಅನುಮಾನ ಯಾರಿಗೂ ಬರಲಿಲ್ಲವಲ್ಲ. ಮಂಡಳಿಯಲ್ಲಿ ಕರ್ನಾಟಕಕ್ಕೂ ಕುರ್ಚಿಯಿದೆ, ತುಮಕೂರಿನ ಸಂಸದ ವಿ. ಸೋಮಣ್ಣ ಕೇಂದ್ರದಲ್ಲಿ ಮಂತ್ರಿ. ರಾಜ್ಯ ಸರ್ಕಾರದ ಪಕ್ಷ, ಅವರ ಪಕ್ಷ ಬೇರೆ ಬೇರೆಯಾದರೂ ಈ ಬೇಡಿಕೆ ಒಂದೇ ಆಗಬಹುದು. ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ರಾಜ್ಯದಿಂದ ಒಂದು ಪತ್ರ ಹೋದರೆ ಸಾಕು. ಅದು ಹೋಗುವವರೆಗೆ ಕ್ಯಾಂಪಾ ಕುಡಿಯುವುದನ್ನು ದೇಶಸೇವೆ ಎಂದು ಯಾರೂ ನಮಗೆ ಬೋಧಿಸಬೇಕಿಲ್ಲ.